ನೆರಳು ನೋಡಿ ಬೇಸ್ ಗುರುತಿಸಿ: ಸಂಘದ ಸಭಾಂಗಣದಲ್ಲಿ ಮಾಡಬಹುದಾದ ಒಂದು ಪರೀಕ್ಷೆ

ಮುಂಬಯಿ ಮಾಟುಂಗದ ಕನ್ನಡ ಸಂಘದ ಕಾರ್ಯಕ್ರಮದಲ್ಲೋ ಪುಣೆಯ ಕನ್ನಡ ಶಾಲೆಯ ಗ್ಯಾದರಿಂಗಿನಲ್ಲೋ ಗೋವಾದ ವಾಸ್ಕೋದ ರಾಜ್ಯೋತ್ಸವದಲ್ಲೋ ಸೇರಿದವರಿಗೆ ಒಂದು ಬೇಸ್ ಗಿಟಾರಿನ (ತಗ್ಗು ಸ್ವರ ನುಡಿಸುವ, ಉದ್ದ ಕೋಲಿನ ಗಿಟಾರಿನ) ಚಿತ್ರ ತೋರಿಸಿ "ಇದೇನು?" ಎಂದು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವುದು "ಗಿಟಾರ್". ಅದು ತಪ್ಪು ಉತ್ತರವಲ್ಲ, ಆದರೆ ಅಲ್ಲಿಗೇ ನಿಂತರೆ ಏನೂ ತಿಳಿದಂತಾಗಲಿಲ್ಲ. ಹೆಸರುವಾಸಿ ಬೇಸ್‌ಗಳ ಪೈಕಿ ಯಾವುದು ಜನರ ಕಣ್ಣಲ್ಲಿ ಉಳಿದಿದೆ, ಯಾವುದು ಉಳಿದಿಲ್ಲ ಎಂದು ಸರಿಯಾಗಿ ಅಳೆಯಬೇಕಾದರೆ 12 ಕಾರ್ಡು, 30 ಜನ, ಎರಡು ಮೇಜು ಮತ್ತು ಎರಡು ಗಂಟೆ ಸಾಕು. ಅದನ್ನು ಕೆಡಿಸಿಕೊಳ್ಳದೆ ಮಾಡುವ ಕ್ರಮ ಇಲ್ಲಿದೆ.

"ಗುರುತಿದೆಯಾ?" ಎಂಬ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ಮೂರು ಪ್ರಶ್ನೆಗಳಿವೆ. ಇದು ಮಾಮೂಲಿ ಗಿಟಾರಲ್ಲ, ಬೇಸ್ ಎಂದು ಗೊತ್ತೇ? ಈ ಆಕಾರವನ್ನು ಎಲ್ಲಾದರೂ, ಯಾರ ಕೈಯಲ್ಲಾದರೂ ಕಂಡ ನೆನಪುಂಟೇ? ಇದರ ಹೆಸರು ಗೊತ್ತೇ? ಮೂರನ್ನೂ ಕಲಸಿ ಒಂದೇ ಅಂಕ ಕೊಟ್ಟರೆ ಪರೀಕ್ಷೆ ಅಲ್ಲೇ ಕೆಟ್ಟಿತು. ಜಗತ್ತಿನ ಧ್ವನಿಮುದ್ರಣಗಳಲ್ಲಿ ಅತಿ ಹೆಚ್ಚು ಕೇಳಿಬಂದ, ಫೆಂಡರ್ ಕಂಪೆನಿಯ ಪ್ರಿಸಿಷನ್ (1951) ಮತ್ತು ಜಾಝ್ ಬೇಸ್ (1960) ಹೆಸರಿನ ಲೆಕ್ಕದಲ್ಲಿ ಸೋಲುವುದೇ ಹೆಚ್ಚು. ಮುಂದೆ ಬಂದ ತಯಾರಕರು ಅವುಗಳನ್ನೇ ಅಚ್ಚಾಗಿಟ್ಟುಕೊಂಡರು, ಹಾಗಾಗಿ ಕಣ್ಣಿಗೆ ಅವು ಯಾವುದೋ ಒಂದು ಗಿಟಾರ್ ಅಷ್ಟೇ. ಪಿಟೀಲಿನ ಆಕಾರದ ಹೋಫ್ನರ್ ಮಾತ್ರ ಸಂಗೀತದ ಗಂಧವಿಲ್ಲದವರನ್ನೂ ತಡೆದು ನಿಲ್ಲಿಸುತ್ತದೆ. ಜನ ಬೇಸನ್ನು ನೆನಪಿಡುವುದು ಹೊರರೇಖೆಯಿಂದ, ಆಮೇಲೆ ಅದನ್ನು ಹಿಡಿದವರ ಮುಖದಿಂದ. ನಾದದಿಂದ ಗುರುತಿಸುವವರು ತೀರ ಕಡಿಮೆ. ಆದ್ದರಿಂದ ಈ ಪರೀಕ್ಷೆಯ ಕಾರ್ಡುಗಳೂ ಅದೇ ಕ್ರಮದಲ್ಲಿರುತ್ತವೆ: ಮೊದಲು ಕಪ್ಪು ನೆರಳು, ಆಮೇಲೆ ವಾದ್ಯದ ಫೋಟೊ, ಕೊನೆಗೆ ನುಡಿಸುವವರ ಜೊತೆಗಿನ ಫೋಟೊ.

ಯಾವ ಎಂಟು ಬೇಸ್

ಪ್ರಿಸಿಷನ್ ಮತ್ತು ಜಾಝ್ ಎರಡೂ ಇರಲೇಬೇಕು. ಕಾರ್ಡು ಹಿಡಿಯುವವರಿಗೆ ಇವೆರಡರ ವ್ಯತ್ಯಾಸ ನಿದ್ದೆಗಣ್ಣಲ್ಲೂ ತಿಳಿಯಬೇಕು. ಪ್ರಿಸಿಷನ್ನಿನ ನಡುವೆ ಒಂದೇ ಪಿಕಪ್ (ತಂತಿಯ ಕಂಪನವನ್ನು ಹಿಡಿದು ಆಂಪ್ಲಿಫಯರಿಗೆ ಕಳಿಸುವ ಭಾಗ), ಅದೂ ಎರಡು ತುಂಡಾಗಿ, ಒಂದು ತುಂಡು ಮುಂದೆ, ಇನ್ನೊಂದು ಹಿಂದೆ ಸರಿದಿರುತ್ತದೆ. ನಾಬ್ ಎರಡು. ಈ ರೂಪ 1957ರಲ್ಲಿ ಬಂದದ್ದು, 1951ರ ಮೊದಲ ರೂಪ ಬೇರೆ. ಜಾಝ್ ಬೇಸ್‌ನಲ್ಲಿ ಉದ್ದನೆಯ ತೆಳು ಪಿಕಪ್ ಎರಡು, ಲೋಹದ ತಗಡಿನ ಮೇಲೆ ಮೂರು ನಾಬ್, ಮತ್ತು ಬಾಡಿಯ ಸೊಂಟ ಎರಡೂ ಬದಿ ಸಮ ಇರುವುದಿಲ್ಲ, ಓರೆಯಾಗಿ ಸರಿದಂತಿರುತ್ತದೆ. ಪ್ರಿಸಿಷನ್ ಎಂಬ ಹೆಸರು ಫ್ರೆಟ್‌ನಿಂದ ಬಂತು. ನಿಲ್ಲಿಸಿ ನುಡಿಸುವ ಡಬಲ್ ಬೇಸ್‌ಗೆ ಪಿಟೀಲಿನಂತೆ ಮೆಟ್ಟಿಲಿಲ್ಲ, ಸ್ವರಸ್ಥಾನವನ್ನು ಕಿವಿಯಿಂದ ಹುಡುಕಬೇಕು. ಲಿಯೋ ಫೆಂಡರ್ ವೀಣೆಯ ಮೆಟ್ಟಿಲಿನ ಹಾಗೆ ಫ್ರೆಟ್ ಹಾಕಿಕೊಟ್ಟಾಗ ಸ್ವರ ಕರಾರುವಾಕ್ಕಾಗಿ ಸಿಕ್ಕಿತು. ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ತನ್ನ 1962ರ ಜಾಝ್ ಬೇಸನ್ನು ಫ್ರೆಟ್‌ಗಳಿಲ್ಲದೆ ನುಡಿಸಿ ಅದನ್ನು ಮತ್ತೆ ಪಿಟೀಲಿನ ದಾರಿಗೆ ತಂದ. ಸಂಘದಲ್ಲಿ ಕರ್ನಾಟಕ ಸಂಗೀತ ಬಲ್ಲವರಿಗೆ ವಿವರಿಸುವಾಗ ಈ ವೀಣೆ-ಪಿಟೀಲಿನ ಹೋಲಿಕೆಯಷ್ಟು ಬೇಗ ಮನಸ್ಸಿಗೆ ಇಳಿಯುವುದು ಬೇರೊಂದಿಲ್ಲ. ಆದರೆ ವಿವರಣೆ ಪರೀಕ್ಷೆ ಮುಗಿದ ಮೇಲೆಯೇ.

ಮೂರನೆಯದು ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ (1976). ಇದರ ಹಿಂದೆಯೂ ಲಿಯೋ ಫೆಂಡರ್ ಇದ್ದ. ದಪ್ಪ ಪಿಕಪ್ ಒಂದು, ಅದರ ಮೇಲೆ ಎಂಟು ದೊಡ್ಡ ದುಂಡು ತುದಿಗಳು. ತಲೆಯಲ್ಲಿ ಬಿರಡೆ ಮೂರು ಮೇಲೆ, ಒಂದು ಕೆಳಗೆ. ನೆರಳಿನಲ್ಲಿ ಇದನ್ನು ಪ್ರಿಸಿಷನ್ನಿನಿಂದ ಬೇರೆ ಮಾಡುವ ಗುರುತು ಆ ಒಂಟಿ ಬಿರಡೆ.

ನಾಲ್ಕನೆಯದು ರಿಕನ್‌ಬ್ಯಾಕರ್ 4001 ಅಥವಾ 4003. ಬಾಡಿಯ ಕೊಂಬುಗಳು ಏಳುವ ಅಲೆಯಂತೆ ಬಾಗಿರುತ್ತವೆ, ನೆಕ್ಕಿನ (ಕೋಲಿನ) ಮೇಲೆ ತ್ರಿಕೋನದ ಬಿಳಿ ಕೆತ್ತನೆ. ಐದನೆಯದು ಹೋಫ್ನರ್ 500/1. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ ಈ ಬೇಸ್ 1972ರಲ್ಲಿ ಲಂಡನ್ನಿನಲ್ಲಿ ಕಳವಾಗಿ, ಮರಳಿ ಸಿಕ್ಕ ಸುದ್ದಿ 2024ರ ಫೆಬ್ರವರಿಯಲ್ಲಿ ಹೊರಬಿತ್ತು. ಆ ಸುದ್ದಿ ಪತ್ರಿಕೆಗಳಲ್ಲಿ ಫೋಟೊ ಸಮೇತ ಬಂದದ್ದರಿಂದ "ಪೇಪರಿನಲ್ಲಿ ನೋಡಿದ್ದೆ" ಎನ್ನುವವರು ಸಿಕ್ಕಾರು. ಅದನ್ನು ಹಾಗೆಯೇ ಬರೆದುಕೊಳ್ಳಿ. ಆರನೆಯದು ಗಿಬ್ಸನ್ ಥಂಡರ್‌ಬರ್ಡ್ (1963). ಇದರ ಆಕಾರ ರೂಪಿಸಿದ ರೇ ಡೀಟ್ರಿಕ್ ಕಾರುಗಳ ವಿನ್ಯಾಸಕಾರ, ಅದು ನೋಡಿದರೇ ತಿಳಿಯುತ್ತದೆ. ಏಳನೆಯದು ತಲೆಯೇ ಇಲ್ಲದ ಸ್ಟೈನ್‌ಬರ್ಗರ್: ಪುಟ್ಟ ಆಯತದಂಥ ಬಾಡಿ, ಬಿರಡೆಗಳೆಲ್ಲ ಬುಡದಲ್ಲಿ. ಎಂಟನೆಯದು ಕಿಸ್ ಎಂಬ ರಾಕ್ ತಂಡದ ಜೀನ್ ಸಿಮನ್ಸ್‌ನ ಕೊಡಲಿ ಆಕಾರದ ಬೇಸ್.

ಇವುಗಳ ನಡುವೆ ಬೇಸ್ ಅಲ್ಲದ್ದು ಮೂರು ಸೇರಿಸಿ. ಒಂದು, ಆರು ತಂತಿಯ ಫೆಂಡರ್ ಸ್ಟ್ರಾಟೊಕಾಸ್ಟರ್ (1954). 1957ರ ಪ್ರಿಸಿಷನ್ ಇದರ ಒಡಹುಟ್ಟಿದಂತೆ ಕಾಣುತ್ತದೆ. ಎರಡು, ಯುಕುಲೇಲೆ: "ನಾಲ್ಕು ತಂತಿ ಇದ್ದರೆ ಬೇಸ್" ಎಂದು ಎಲ್ಲೋ ಓದಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಮೂರು, ಯು. ಶ್ರೀನಿವಾಸ್ ನುಡಿಸುತ್ತಿದ್ದ ತರದ ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್. ನಮ್ಮ ಸಭೆಗಳಲ್ಲಿ ಇದನ್ನು ಥಟ್ಟನೆ ಹೇಳುವವರಿರುತ್ತಾರೆ, ಅವರ ಮುಖ ಅರಳುತ್ತದೆ. ಗೊತ್ತಿಲ್ಲ, ಗೊತ್ತಿಲ್ಲ ಎಂದು ಬೇಸತ್ತವರಿಗೂ ಅದೊಂದು ಉಸಿರು.

ಹನ್ನೆರಡನೆಯ ಕಾರ್ಡು ಎಲ್ಲಕ್ಕಿಂತ ಮುಖ್ಯ. ಅದು ಎಲ್ಲೂ ಇಲ್ಲದ ಬೇಸ್. ಥಂಡರ್‌ಬರ್ಡಿನ ಬಾಡಿಯನ್ನು ಎಡಬಲ ತಿರುಗಿಸಿ, ಒಂದು ಕೊಂಬನ್ನು ಮೊಟಕು ಮಾಡಿ, ಅದಕ್ಕೆ ರಿಕನ್‌ಬ್ಯಾಕರಿನ ತಲೆ ಅಂಟಿಸಿ ನೆರಳು ಬರೆಯಿರಿ. ಯಾಕೆ ಬೇಕು? ನಮ್ಮ ಜನ ದಾಕ್ಷಿಣ್ಯದವರು. ಕೇಳಿದವರಿಗೆ ಬೇಸರವಾಗಬಾರದೆಂದು "ಹೂಂ, ನೋಡಿದ ಹಾಗುಂಟು" ಅನ್ನುತ್ತಾರೆ. ಇಲ್ಲದ ಬೇಸನ್ನು ಎಷ್ಟು ಮಂದಿ "ನೋಡಿದ್ದೇನೆ" ಎಂದರು ಎಂಬುದೇ ಆ ದಿನದ ದಾಕ್ಷಿಣ್ಯದ ಅಳತೆ.

ಕಾರ್ಡು ಮಾಡುವುದು

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಎಲ್ಲ ವಾದ್ಯಗಳನ್ನೂ ಕಾಗದದ ತುಂಬ, ಒಂದೇ ಉದ್ದಕ್ಕೆ ಅಚ್ಚು ಹಾಕಿಸುವುದು. ಬೇಸನ್ನು ಗಿಟಾರಿನಿಂದ ಬೇರೆ ಮಾಡುವ ದೊಡ್ಡ ಗುರುತು ಅದರ ಉದ್ದ. ಆ ಗುರುತನ್ನೇ ಅಳಿಸಿಬಿಟ್ಟು "ಜನಕ್ಕೆ ಬೇಸ್ ಗೊತ್ತಾಗುವುದಿಲ್ಲ" ಎಂದರೆ ಅದು ನ್ಯಾಯವಲ್ಲ. ಎಲ್ಲವನ್ನೂ 1:5 ಅಳತೆಯಲ್ಲಿ ಇಡಿ. ನೆಕ್ಕಿನ ತುದಿಯಲ್ಲಿ ತಂತಿ ಕೂರುವ ನಟ್‌ನಿಂದ ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜ್‌ವರೆಗಿನ ದೂರಕ್ಕೆ ಸ್ಕೇಲ್ ಎನ್ನುತ್ತಾರೆ. ಪ್ರಿಸಿಷನ್, ಜಾಝ್, ಸ್ಟಿಂಗ್‌ರೇ, ಥಂಡರ್‌ಬರ್ಡ್, ಸ್ಟೈನ್‌ಬರ್ಗರ್ ಇವೆಲ್ಲ 34 ಇಂಚು, ಅಂದರೆ 864 ಮಿ.ಮೀ., ಕಾರ್ಡಿನ ಮೇಲೆ 173 ಮಿ.ಮೀ. ರಿಕನ್‌ಬ್ಯಾಕರ್ 33¼ ಇಂಚು, ಕಾರ್ಡಿನಲ್ಲಿ 169. ಹೋಫ್ನರ್ 30 ಇಂಚು, ಕಾರ್ಡಿನಲ್ಲಿ 152. ಸ್ಟ್ರಾಟೊಕಾಸ್ಟರ್ 25½ ಇಂಚು, ಕಾರ್ಡಿನಲ್ಲಿ 130. ಸಣ್ಣ ಯುಕುಲೇಲೆ ಸುಮಾರು 70ಕ್ಕೆ ಬರುತ್ತದೆ, ದೊಡ್ಡ ಕಾಗದದ ನಡುವೆ ಪಾಪದ ಹಾಗೆ ಕಾಣುತ್ತದೆ, ಹಾಗೇ ಇರಲಿ. 34 ಇಂಚಿನ ಬೇಸ್ ತಲೆಯಿಂದ ಬುಡದವರೆಗೆ ಸುಮಾರು 1170 ಮಿ.ಮೀ., ಐದರಿಂದ ಭಾಗಿಸಿದರೆ 234. ಎ4 ಹಾಳೆಯ ಉದ್ದ 297, ಧಾರಾಳ ಹಿಡಿಯುತ್ತದೆ.

ಅಚ್ಚಿಗೆ ಕೊಡುವಾಗ ಮುಂಬಯಿ ಫೋರ್ಟಿನ ಜೆರಾಕ್ಸ್ ಅಂಗಡಿಯಾಗಲಿ ಪುಣೆಯ ಅಪ್ಪಾ ಬಳವಂತ ಚೌಕದ ಕಡೆಯ ಅಂಗಡಿಯಾಗಲಿ, ಪ್ರಿಂಟರಿನಲ್ಲಿ "ಫಿಟ್ ಟು ಪೇಜ್" ಒತ್ತಿಬಿಡುವುದು ಅವರ ಕೈಗೆ ರೂಢಿಯಾದ ಕೆಲಸ. ಅದು ಅಳತೆಯನ್ನು ಹಿಗ್ಗಿಸುತ್ತದೆ ಇಲ್ಲವೇ ಕುಗ್ಗಿಸುತ್ತದೆ. "ಆಕ್ಚುವಲ್ ಸೈಜ್" ಎಂದು ಹೇಳಿ, ಮೊದಲ ಹಾಳೆ ಹೊರಬಂದ ಕೂಡಲೇ ಅಡಿಪಟ್ಟಿಯಿಟ್ಟು 173 ಮಿ.ಮೀ. ಬಂದಿದೆಯೇ ನೋಡಿ, ಆಮೇಲೆ ಉಳಿದದ್ದು. ಫೈಲನ್ನು ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲವಾದರೆ ಹೊರರೇಖೆಯ ಅಂಚು ಒಡೆದು ಬಿರಡೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಕಾಗದ 250ರಿಂದ 300 ಜಿಎಸ್‌ಎಂ ಇರಲಿ. ಹೊಳಪಿನ ಲ್ಯಾಮಿನೇಶನ್ ಬೇಡ. ಸಭಾಂಗಣದ ಟ್ಯೂಬ್‌ಲೈಟ್ ಅದರ ಮೇಲೆ ಬಿದ್ದು, ನೋಡುವವರು ಕಾರ್ಡನ್ನು ಓರೆ ಹಿಡಿಯುತ್ತಾರೆ, ಹತ್ತು ಸೆಕೆಂಡು ಅದರಲ್ಲೇ ಹೋಗುತ್ತದೆ. ಮ್ಯಾಟ್ ಸಾಕು.

ಫೋಟೊ ಕಾರ್ಡಿಗೆ ಚಿತ್ರ ಬೇಕಾದರೆ ಮುಂಬಯಿಯ ಧೋಬಿ ತಲಾವ್ ಕಡೆಯ ವಾದ್ಯದಂಗಡಿಗಳಲ್ಲಿ ಅನುಮತಿ ಕೇಳಿ ತೆಗೆಯಬಹುದು. ಪ್ರಿಸಿಷನ್, ಜಾಝ್ ಮಾದರಿಗಳು ಸುಲಭವಾಗಿ ಸಿಗುತ್ತವೆ. ಫೋನನ್ನು ಹತ್ತಿರ ಹಿಡಿದರೆ ಬಾಡಿ ಉಬ್ಬಿ ತಲೆ ಚಿಕ್ಕದಾಗುತ್ತದೆ. ಎರಡೂವರೆ, ಮೂರು ಮೀಟರ್ ಹಿಂದೆ ನಿಂತು 2x ಝೂಮಿನಲ್ಲಿ ನೇರ ಎದುರಿನಿಂದ ತೆಗೆಯಿರಿ. ಆಮೇಲೆ ತಲೆಯ ಮೇಲಿನ ಕಂಪೆನಿಯ ಹೆಸರನ್ನು ಅಳಿಸಬೇಕು. ಅದೊಂದು ಉಳಿದರೆ ಓದಿ ಹೇಳಿದ್ದೂ ಗುರುತಿಸಿದ್ದೂ ಒಂದೇ ಆಗಿಬಿಡುತ್ತದೆ. ಅಳಿಸುವಾಗ ತಲೆಯ ಮೇಲೆ ಮಸಿಯಂತೆ ಕಲೆ ಬಿಡಬೇಡಿ, ಪಕ್ಕದ ಮರದ ಬಣ್ಣವನ್ನೇ ಎಳೆದು ಮುಚ್ಚಿ. ಥಂಡರ್‌ಬರ್ಡಿನ ಪಿಕ್‌ಗಾರ್ಡಿನ (ಬಾಡಿಗೆ ಗೀರು ಬೀಳದಂತೆ ಹಾಕಿದ ಹಾಳೆಯ) ಮೇಲೆ ಹಕ್ಕಿಯ ಚಿಹ್ನೆ ಇದೆ, ಅದನ್ನೂ ಮುಚ್ಚಿ.

ನುಡಿಸುವವರ ಫೋಟೊವನ್ನು ಎರಡಾಗಿ ಮಡಚಿ. ಕೆಳಗಿನ ಅರ್ಧದಲ್ಲಿ ಎದೆಯಿಂದ ಮೊಣಕಾಲಿನವರೆಗೆ, ಬೇಸ್ ಮತ್ತು ಕೈ ಮಾತ್ರ. ಮಡಚಿದ ಭಾಗ ಬಿಚ್ಚಿದರೆ ಮುಖ. ಮುಖ ಮೊದಲೇ ಕಂಡರೆ "ಬೀಟಲ್ಸ್!" ಎಂಬ ಉತ್ತರ ಮನುಷ್ಯನಿಗೆ ಸಲ್ಲುತ್ತದೆ, ವಾದ್ಯಕ್ಕಲ್ಲ. ಮೆಕಾರ್ಟ್ನಿ ಎಡಗೈಯವರು, ಹೀಗಾಗಿ ಅವರ ಚಿತ್ರದಲ್ಲಿ ನೆಕ್ ಉಳಿದೆಲ್ಲರ ಚಿತ್ರಗಳ ವಿರುದ್ಧ ದಿಕ್ಕಿಗಿರುತ್ತದೆ. ಚಿತ್ರವನ್ನು ತಿರುಗಿಸಿ "ಸರಿಮಾಡುವ" ಆಸೆ ಬರುತ್ತದೆ. ಬೇಡ, ಜನ ಕಂಡಿರುವುದು ಹಾಗೆಯೇ. ಇದರ ಜೊತೆ ಮುಂಬಯಿಯ ಮೋಹಿನಿ ಡೇ ಅವರ ಒಂದು ಫೋಟೊ ಸೇರಿಸಿ. ಎ. ಆರ್. ರೆಹಮಾನ್ ಜೊತೆ ವೇದಿಕೆಯಲ್ಲಿ ಅವರನ್ನು ನೋಡಿದ ಕಿರಿಯರು ಇರಬಹುದು. ಅವರ ಕೈಯಲ್ಲಿರುವುದು ಬೇಸ್ ಎಂದು ಎಷ್ಟು ಜನರಿಗೆ ತಿಳಿದಿದೆ ಎಂಬುದು ತಿಳಿದುಕೊಳ್ಳಬೇಕಾದ ವಿಷಯ.

ಕೇಳುವಾಗ

"ಪ್ರಸಿದ್ಧ ಬೇಸ್ ಗಿಟಾರುಗಳನ್ನು ಗುರುತಿಸಿ" ಎಂದು ಫಲಕ ಬರೆದು ಮೇಜಿನ ಮುಂದೆ ತೂಗುಹಾಕಿದರೆ ಮೊದಲ ಪ್ರಶ್ನೆಯ ಉತ್ತರವನ್ನು ನೀವೇ ಕೊಟ್ಟಂತೆ. ಫಲಕದಲ್ಲೂ ಬಾಯಲ್ಲೂ ಬೇಸ್ ಎಂಬ ಪದ ಬರಬಾರದು. "ಇವು ತಂತಿವಾದ್ಯಗಳ ಚಿತ್ರ. ನೋಡಿದ ಕೂಡಲೇ ಏನನ್ನಿಸ್ತದೋ ಹೇಳಿ. ಗೊತ್ತಿಲ್ಲ ಅಂದ್ರೂ ಅದು ಉತ್ತರವೇ." ಇಷ್ಟೇ ಹೇಳಿ, ಪ್ರತಿಯೊಬ್ಬರಿಗೂ ಅದೇ ಮಾತು.

ಒಬ್ಬೊಬ್ಬರನ್ನೇ ಕೂರಿಸಿ. ಗಂಡ ಹೆಂಡತಿ ಜೊತೆಗೆ ಕೂತರೆ ಒಬ್ಬರ ಉತ್ತರ ಇನ್ನೊಬ್ಬರದೂ ಆಗುತ್ತದೆ. ಮಕ್ಕಳು ಸುತ್ತ ನೆರೆದರೆ ಕಿರುಚಿ ಹೇಳಿಬಿಡುತ್ತಾರೆ. ಮೇಜನ್ನು ಗೋಡೆಗೆ ಮುಖ ಮಾಡಿ ಹಾಕಿ, ಕಾರ್ಡು ಕಾಯುವವರ ಸಾಲಿಗೆ ಕಾಣದಿರಲಿ. ಮಂಗಳಾರತಿ, ಊಟದ ಹೊತ್ತು ತಪ್ಪಿಸಿ. ಎಲೆ ಹಾಕಿದ ಮೇಲೆ ಯಾರಿಗೂ ಥಂಡರ್‌ಬರ್ಡ್ ಬೇಕಾಗುವುದಿಲ್ಲ.

ಒಂದು ಕಾರ್ಡಿಗೆ ಹತ್ತು ಸೆಕೆಂಡು. ಮೊದಲು ಹನ್ನೆರಡು ನೆರಳುಗಳೂ ಮುಗಿಯಲಿ, ಆಮೇಲೆ ಫೋಟೊಗಳು, ಕೊನೆಗೆ ವ್ಯಕ್ತಿಗಳು. ಒಬ್ಬರಿಗೆ ಏಳೆಂಟು ನಿಮಿಷ ಹಿಡಿಯುತ್ತದೆ, 30 ಜನಕ್ಕೆ ನಾಲ್ಕು ಗಂಟೆ, ಎರಡು ಮೇಜಾದರೆ ಎರಡು. ಕಾರ್ಡುಗಳ ಕ್ರಮ ಎರಡು ಬಗೆ ಮಾಡಿಟ್ಟು ಮೇಜಿಗೊಂದು ಕೊಡಿ. ಮೊದಲ ಎರಡು ಕಾರ್ಡಿಗೆ ಎಲ್ಲರೂ "ಗಿಟಾರ್" ಎಂದೇ ಶುರುಮಾಡುತ್ತಾರೆ, ನಾಲ್ಕೈದು ಕಂಡ ಮೇಲೆ ಕಣ್ಣು ಪಳಗುತ್ತದೆ. ಒಂದೇ ಬೇಸ್ ಯಾವಾಗಲೂ ಮೊದಲು ಬಂದರೆ ಅದಕ್ಕೆ ಅನ್ಯಾಯ.

ಮಾತು ಹೀಗೆ ನಡೆಯಬಹುದು:

"ಅಣ್ಣಾ, ಇದು ಏನಂತ ಕಾಣ್ತದೆ ನಿಮಗೆ?"
"ಗಿಟಾರ್ ಅಲ್ವಾ ಮಾರಾಯ್ರೆ."
"ಯಾವ ತರದ್ದು?"
"ಯಾವ ತರದ್ದು ಅಂದ್ರೆ… ಕರೆಂಟಿನದ್ದು."
"ಬೇರೆ ಏನಾದ್ರೂ ಹೇಳ್ಲಿಕ್ಕುಂಟಾ?"
"ಕೋಲು ಉದ್ದ ಆಯ್ತಲ್ಲ ಇದರದ್ದು?"

ಇಲ್ಲಿ ನಿಲ್ಲಿಸಬೇಕು. "ಹಾಂ, ಉದ್ದ ಇದ್ರೆ ಅದು…" ಎಂದು ಎಳೆದು ಕೊಡಬಾರದು. "ಕೋಲು ಉದ್ದ" ಎಂಬ ಮಾತನ್ನು ಹಾಗೆಯೇ ಬರೆಯಿರಿ. ಹೆಸರು ಗೊತ್ತಿಲ್ಲದ ಮನುಷ್ಯ ಬೇಸ್‌ನ ಮುಖ್ಯ ಲಕ್ಷಣವನ್ನು ಹತ್ತು ಸೆಕೆಂಡಿನಲ್ಲಿ ಹಿಡಿದರು, ಅದಕ್ಕಿಂತ ಬೆಲೆಯ ಉತ್ತರ ಆ ದಿನ ಸಿಗಲಿಕ್ಕಿಲ್ಲ.

ಉತ್ತರಗಳು ಕನ್ನಡ, ತುಳು, ಕೊಂಕಣಿ, ಮರಾಠಿ, ಹಿಂದಿ ಯಾವುದರಲ್ಲೂ ಬಂದಾವು. ತಿದ್ದಬೇಡಿ. "ಬಾಸ್ ಗಿಟಾರ್" ಎಂದರೂ ಬೇಸ್ ಎಂದೇ ಲೆಕ್ಕ. ಕಾರಿನ ಸ್ಪೀಕರಿನಿಂದಾಗಿ ಬೇಸ್ ಎಂಬ ಪದ ಎಲ್ಲರಿಗೂ ಗೊತ್ತು, "ಬೇಸ್ ಸ್ವಲ್ಪ ಜಾಸ್ತಿ ಮಾಡು" ಎನ್ನುತ್ತಾರೆ. ಆದರೆ ಅದು ಒಂದು ವಾದ್ಯದಿಂದ ಹೊರಡುತ್ತದೆ ಎಂಬುದು ಬೇರೆಯೇ ತಿಳಿವು. ಅನೇಕ ಆರ್ಕೆಸ್ಟ್ರಾಗಳಲ್ಲಿ ಬೇಸ್ ಭಾಗವನ್ನು ಕೀಬೋರ್ಡಿನಲ್ಲೇ ನುಡಿಸಿಬಿಡುವುದರಿಂದ ವೇದಿಕೆಯಲ್ಲಿ ವಾದ್ಯ ಕಾಣುವುದೂ ಇಲ್ಲ. ಗೋವಾದಲ್ಲಿ ಇದು ಬೇರೆ. ಕೊಂಕಣಿ ನಾಟಕವಾದ ತಿಯಾತ್ರಿನ ವಾದ್ಯವೃಂದದಲ್ಲಿ, ಮದುವೆಯ ಬ್ಯಾಂಡಿನಲ್ಲಿ ಬೇಸ್ ನುಡಿಸುವವರು ಕಣ್ಣೆದುರೇ ನಿಂತಿರುತ್ತಾರೆ. ಹಾಗಾಗಿ ವಾಸ್ಕೋ, ಮಡಗಾಂವದ ಕನ್ನಡಿಗರ ಲೆಕ್ಕವನ್ನು ಮುಂಬಯಿ, ಪುಣೆಯ ಲೆಕ್ಕದೊಂದಿಗೆ ಬೆರೆಸದೆ ಬೇರೆ ಹಾಳೆಯಲ್ಲಿಡಿ.

"ನೀವು ಯಾವುದಾದರೂ ವಾದ್ಯ ನುಡಿಸ್ತೀರಾ?" ಎಂಬುದನ್ನು ಕೊನೆಗೆ ಕೇಳಿ. ಮೊದಲೇ ಕೇಳಿದರೆ ಮರ್ಯಾದೆಯ ಪ್ರಶ್ನೆಯಾಗಿ ಊಹೆಗಳು ಹೆಚ್ಚುತ್ತವೆ. ಹೌದು ಎಂದವರು ಸಾಮಾನ್ಯ ಜನರ ಪಟ್ಟಿಯಲ್ಲಿ ಸೇರುವುದಿಲ್ಲ.

ಬರೆದುಕೊಳ್ಳುವುದು, ಎಣಿಸುವುದು

ಹಾಳೆಯಲ್ಲಿ ಹೆಸರು, ಫೋನ್ ನಂಬರ್ ಬೇಡ, ವಯಸ್ಸಿನ ಗುಂಪು ಮತ್ತು ಬೆಳೆದ ಊರು ಸಾಕು. ಕಾಲಂ ಐದು: ಕಾರ್ಡಿನ ಸಂಖ್ಯೆ, ಆಡಿದ ಮಾತು, ಬೇಸ್ ಎಂದರೇ, ಕಂಡಿದ್ದೆ ಎಂದರೇ (ಎಲ್ಲಿ, ಯಾರ ಕೈಯಲ್ಲಿ), ಹೆಸರು ಹೇಳಿದರೇ. ಹೋಫ್ನರ್ ನೋಡಿ "ಬೀಟಲ್ಸ್‌ನವರ ಗಿಟಾರ್" ಎಂದರೆ ಕಂಡ ಕಾಲಂನಲ್ಲಿ ಗುರುತು, ಉಳಿದೆರಡು ಖಾಲಿ. "ಪಿಟೀಲು" ಎಂದರೆ ಮೂರೂ ಖಾಲಿ, ಮಾತು ಮಾತ್ರ ಬರೆಯಿರಿ. ಕೊಡಲಿ ಬೇಸ್‌ಗೆ "ಕೊಡಲಿ" ಎನ್ನುವುದೂ ಹಾಗೆಯೇ, ಆಕಾರ ಹೇಳಿದ್ದು ವಾದ್ಯ ಗುರುತಿಸಿದಂತಲ್ಲ. ಸ್ಟೈನ್‌ಬರ್ಗರಿಗೆ ಕರಾವಳಿಯವರು ದೋಣಿಯ ಹುಟ್ಟು ಎಂದರೆ ಅಚ್ಚರಿಯಿಲ್ಲ, ನಿಜಕ್ಕೂ ಹಾಗೇ ಇದೆ. ಕೆಲವರು ಕಂಡದ್ದಕ್ಕೆಲ್ಲ "ಫೆಂಡರ್" ಅನ್ನುತ್ತಾರೆ. ಮ್ಯಾಂಡೊಲಿನ್ನಿಗೂ ಅದನ್ನೇ ಅಂದರೆ ಅವರ ಹೆಸರಿನ ಕಾಲಂ ಪೂರ್ತಿ ಬಿಟ್ಟುಬಿಡಿ.

ಶೇಕಡಾ ಲೆಕ್ಕ ಹಾಕಬೇಡಿ. 30 ಜನರಲ್ಲಿ ಒಬ್ಬರೆಂದರೇ ಶೇಕಡಾ 3.3 ಆಯಿತು. ಒಬ್ಬ ಅಜ್ಜ ಕನ್ನಡಕ ಮರೆತು ಬಂದರೂ ಅಂಕಿ ಅಲ್ಲಾಡುತ್ತದೆ. "30ರಲ್ಲಿ 7" ಎಂದು ಬರೆದರೆ ಓದುವವರಿಗೂ ಗಾತ್ರ ತಿಳಿಯುತ್ತದೆ. ಎರಡು ಬೇಸ್‌ಗಳ ನಡುವೆ ಎರಡು ಮೂರು ಜನರ ಅಂತರವಿದ್ದರೆ ಯಾವುದು ಮೇಲು ಎಂದು ತೀರ್ಪು ಕೊಡಬೇಡಿ. ಕಂಡ ಕಾಲಂ ಓದುವಾಗ ಇಲ್ಲದ ಬೇಸ್‌ನ ಅಂಕಿ ಪಕ್ಕದಲ್ಲಿರಲಿ. ಉದಾಹರಣೆಗೆ ಇಲ್ಲದ ಬೇಸನ್ನು 8 ಜನ ಕಂಡಿದ್ದೇವೆ ಎಂದು, ರಿಕನ್‌ಬ್ಯಾಕರನ್ನು 9 ಜನ ಎಂದರೆ, ಆ 9ಕ್ಕೆ ಬೆಲೆ ಕಮ್ಮಿ. ಆ ಒಂಬತ್ತರಲ್ಲಿ ಎಲ್ಲಿ, ಯಾರ ಕೈಯಲ್ಲಿ ಎಂದು ಹೇಳಿದವರೆಷ್ಟು ಎಂದು ತಿರುಗಿ ಎಣಿಸಿ, ಅದೇ ನಿಜವಾದ ಅಂಕಿ.

ಮುಗಿದ ಮೇಲೆ ವಾದ್ಯ ಕೈಗೆ ಕೊಡಿ

ಪರೀಕ್ಷೆ ಮುಗಿಸಿದವರಿಗೆ ಇನ್ನೊಂದು ಕೋಣೆಯಲ್ಲಿ ನಿಜವಾದ ಬೇಸ್ ಒಂದು ಇರಲೇಬೇಕು. ಇಷ್ಟು ಹೊತ್ತು "ಗೊತ್ತಿಲ್ಲ" ಎನ್ನಿಸಿ ಹಾಗೆಯೇ ಕಳಿಸುವುದು ಸರಿಯಲ್ಲ. ಪ್ರಿಸಿಷನ್ ಮಾದರಿಯದಾದರೆ ಒಳ್ಳೆಯದು, ಸುಮಾರು 4 ಕಿಲೋ ತೂಗುತ್ತದೆ, ಹಿರಿಯರಿಗೆ ಕೂರಿಸಿಯೇ ಕೊಡಿ. ಪಕ್ಕದಲ್ಲೊಂದು ಮಾಮೂಲಿ ಎಲೆಕ್ಟ್ರಿಕ್ ಗಿಟಾರ್ ಇಟ್ಟು ಎರಡರ ಅತಿ ದಪ್ಪ ತಂತಿಯನ್ನೂ ಬೆರಳಿನಿಂದ ಮುಟ್ಟಿಸಿ. ಗಿಟಾರಿನದು ಸುಮಾರು 1.2 ಮಿ.ಮೀ., ಬೇಸ್‌ನದು 2.7ರ ಹತ್ತಿರ. ತಂತಿ ಎಣಿಸುವುದಕ್ಕಿಂತ ಇದು ನಂಬಿಕೆಯ ಗುರುತು, ಯಾಕೆಂದರೆ ಐದು, ಆರು ತಂತಿಯ ಬೇಸ್‌ಗಳೂ ಇವೆ.

ಕೇಳಿಸುವುದಾದರೆ ಫೋನಿನಿಂದ ಬೇಡ. ಬೇಸ್‌ನ ಬಿಡಿ ತಂತಿಗಳು ಕೆಳಗಿನಿಂದ 41.2, 55, 73.4, 98 ಹರ್ಟ್ಸ್. ಫೋನಿನ ಪುಟ್ಟ ಸ್ಪೀಕರಿಗೆ ಇವು ಎಟುಕುವುದಿಲ್ಲ, ಮೇಲಿನ ಅನುಸ್ವರಗಳಷ್ಟೇ ಟಿಣ್ ಟಿಣ್ ಎನ್ನುತ್ತವೆ. ಸಭಾಂಗಣದ ಭಾಷಣದ ಸ್ಪೀಕರುಗಳೂ ಇದಕ್ಕಾಗಿ ಮಾಡಿದವಲ್ಲ. ಸಣ್ಣ ಗಿಟಾರ್ ಆಂಪ್‌ಗೆ (ಆಂಪ್ಲಿಫಯರಿಗೆ) ಸಿಕ್ಕಿಸಿ ವಾಲ್ಯೂಮ್ ಏರಿಸಿದರೆ ಸ್ಪೀಕರಿನ ಕೋನ್ ಬಡಿದು ಗರಗರ ಶಬ್ದ ಬರುತ್ತದೆ, ಹರಿದರೂ ಹರಿಯಬಹುದು. ಬೇಸ್ ಆಂಪ್ ಬಾಡಿಗೆಗೆ ತನ್ನಿ, ಇಲ್ಲವೇ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಸಾಕು. ಎರಡೂ ಇಲ್ಲದಿದ್ದರೆ ಬೇಸ್‌ನ ಮೇಲಿನ ಕೊಂಬನ್ನು ಒಂದು ಮರದ ಕಪಾಟಿಗೋ ಮೇಜಿಗೋ ತಾಗಿಸಿ ಹಿಡಿದು ಕೆಳಗಿನ ತಂತಿ ಮೀಟಿ. ಮರ ಗುಂಯ್ ಎನ್ನುತ್ತದೆ, ಮೇಜಿನ ಮೇಲೆ ಅಂಗೈ ಇಟ್ಟವರಿಗೆ ನಡುಕ ತಿಳಿಯುತ್ತದೆ. ತಾಗುವ ಜಾಗಕ್ಕೆ ಒಂದು ತೆಳು ಬಟ್ಟೆ ಹಾಕಿ, ಪಾಲಿಶ್ ಉಳಿಯುತ್ತದೆ.